ಎರಡು ವರ್ಷಕ್ಕೆಂದು ಕಟ್ಟಿದ ಮನೆ, ಹತ್ತು ವರ್ಷದ ಬಾಳು

ಪ್ರಶ್ನೆ: 2011ರ ಸುನಾಮಿಯಲ್ಲಿ ಮನೆ ಕಳೆದುಕೊಂಡ ಜಪಾನಿನ ಜನ ಎಂಟು-ಹತ್ತು ವರ್ಷ ತಾತ್ಕಾಲಿಕ ಮನೆಗಳಲ್ಲೇ ಇದ್ದರು ಎಂದು ಓದಿದೆ. ನಮ್ಮ ಕಡೆ ಹೊಳೆ ಬಂದಾಗ ತಗಡಿನ ಶೆಡ್ಡಿಗೆ ಹೋದವರು ವರ್ಷಗಟ್ಟಲೆ ಅಲ್ಲೇ ಉಳಿಯುವುದನ್ನು ಕಂಡಿದ್ದೇನೆ. ಅದು ನಮ್ಮ ಬಡತನದ, ನಮ್ಮ ಆಡಳಿತದ ಹಣೆಬರಹ ಅಂದುಕೊಂಡಿದ್ದೆ. ಅಷ್ಟು ದುಡ್ಡು, ಅಷ್ಟು ಶಿಸ್ತು ಇರುವ ದೇಶದಲ್ಲೂ ಹಾಗೇಕಾಯಿತು? ಅಷ್ಟು ವರ್ಷ ಅವರು ಅಲ್ಲಿ ಹೇಗೆ ಬದುಕಿದರು?
— ಗೋಕಾಕದ ಓದುಗರೊಬ್ಬರು

ಉತ್ತರ: ನೀವು ಓದಿದ್ದು ನಿಜ. 2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಜಪಾನಿನ ಈಶಾನ್ಯ ಕರಾವಳಿಯಾಚೆ ಸಮುದ್ರದಡಿಯಲ್ಲಿ 9.0 ತೀವ್ರತೆಯ ಭೂಕಂಪವಾಯಿತು. ಬೆನ್ನಿಗೇ ಬಂದ ಸುನಾಮಿ ಇವಾತೆ, ಮಿಯಾಗಿ, ಫುಕುಶಿಮಾ ಪ್ರಾಂತಗಳ ಕಡಲೂರುಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು ಸುಮಾರು 15,900 ಮಂದಿ. ಸುಮಾರು 2,500 ಜನರ ಸುಳಿವು ಇಂದಿಗೂ ಸಿಕ್ಕಿಲ್ಲ. ಮನೆ ಬಿಟ್ಟು ಬಂದವರ ಸಂಖ್ಯೆ ಒಂದು ಹಂತದಲ್ಲಿ 4,70,000 ಮುಟ್ಟಿತ್ತು. ಇವರಿಗಾಗಿ ಸರ್ಕಾರ ಸುಮಾರು 53,000 ತಾತ್ಕಾಲಿಕ ಮನೆ ಕಟ್ಟಿಸಿತು. ಅದಕ್ಕಿಂತ ಹೆಚ್ಚು ಕುಟುಂಬಗಳನ್ನು ಖಾಲಿಯಿದ್ದ ಖಾಸಗಿ ಮನೆಗಳಲ್ಲಿರಿಸಿ ಬಾಡಿಗೆಯನ್ನು ತಾನೇ ಕಟ್ಟಿತು. ಕಾನೂನಿನಂತೆ ಈ ಏರ್ಪಾಟಿನ ಅವಧಿ ಎರಡು ವರ್ಷ. ಎರಡು ವರ್ಷ ಮುಗಿದಾಗ ಹೋಗಲು ಜಾಗವಿರಲಿಲ್ಲ. ಹೀಗಾಗಿ ಅವಧಿಯನ್ನು ವರ್ಷ ವರ್ಷವೂ ವಿಸ್ತರಿಸುತ್ತಾ ಹೋದರು. ಇವಾತೆಯ ಕಟ್ಟಕಡೆಯ ತಾತ್ಕಾಲಿಕ ಮನೆ ಖಾಲಿಯಾಗುವ ಹೊತ್ತಿಗೆ 2021 ಬಂದಿತ್ತು.

ಕೆಲಸ ಶುರುವಾದದ್ದು ಮಾತ್ರ ಬಹಳ ಬೇಗ. ರಿಕುಝೆಂತಕಾತ ಎಂಬ ಊರಿನ ಶಾಲೆಯೊಂದರ ಮೈದಾನದಲ್ಲಿ ಮಾರ್ಚ್ 19ಕ್ಕೇ, ಅಂದರೆ ಸುನಾಮಿ ಬಂದ ಎಂಟನೇ ದಿನಕ್ಕೇ ಮೊದಲ ಮನೆಗಳ ಕೆಲಸ ಆರಂಭಿಸಿದರು. ಮೊದಲ ಕಂತಿನಲ್ಲಿ ಎದ್ದದ್ದು 36 ಮನೆ. ಅರ್ಜಿಗಳು ಅದರ ಹತ್ತಾರು ಪಟ್ಟು. ಚೀಟಿ ಎತ್ತಿ ಹಂಚಿದರು. ಮನೆ ಸಿಕ್ಕವರಿಗೆ ಶಾಲೆಯ ಜಿಮ್ನೇಶಿಯಂ ನೆಲದ ಮೇಲೆ ರಟ್ಟಿನ ಮರೆ ಕಟ್ಟಿಕೊಂಡು ಮಲಗುವುದು ತಪ್ಪಿತು, ಬಾಗಿಲು ಹಾಕಿಕೊಂಡು ಅಳಲು ಒಂದು ಮರೆ ಸಿಕ್ಕಿತು. ಆ ನೆಮ್ಮದಿ ಸಣ್ಣದಲ್ಲ.

ಮನೆ ಅಂದರೆ ಎಷ್ಟು ದೊಡ್ಡದು? ಸಾಧಾರಣ ಅಳತೆ 29.7 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 320 ಚದರ ಅಡಿ. ಮೂವತ್ತು-ನಲವತ್ತರ ಸೈಟಿನ ಕಾಲು ಭಾಗಕ್ಕೆ ತುಸು ಹೆಚ್ಚು. ಅದರಲ್ಲಿ ಎರಡು ಪುಟ್ಟ ಕೋಣೆ, ಅಡುಗೆಗೊಂದು ಮೂಲೆ, ಬಚ್ಚಲು, ಪಾಯಖಾನೆ. ಬಾಡಿಗೆ ಇಲ್ಲ, ಕರೆಂಟು, ನೀರು, ಗ್ಯಾಸಿನ ಬಿಲ್ಲು ಅವರವರದೇ. ಜಪಾನಿನ ರೆಡ್ ಕ್ರಾಸ್ ಸಂಸ್ಥೆ ಹೊರದೇಶಗಳಿಂದ ಬಂದ ದೇಣಿಗೆಯಲ್ಲಿ ಪ್ರತಿ ಮನೆಗೂ ಆರು ಸಾಮಾನು ಕೊಟ್ಟಿತು: ಟಿವಿ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಅನ್ನದ ಕುಕ್ಕರ್, ಮೈಕ್ರೋವೇವ್ ಒಲೆ, ನೀರು ಕಾಯಿಸುವ ಪಾತ್ರೆ. ಆದರೆ ಶಿಬಿರದಲ್ಲಿ ಸಿಗುತ್ತಿದ್ದ ಊಟ ಇಲ್ಲಿಗೆ ಬಂದ ದಿನದಿಂದ ನಿಲ್ಲುತ್ತಿತ್ತು. ದೋಣಿ ಹೋಗಿದೆ, ಗದ್ದೆಗೆ ಉಪ್ಪುನೀರು ನುಗ್ಗಿದೆ, ಸಂಪಾದನೆ ಇಲ್ಲ. ಹೀಗಾಗಿ ಮನೆ ಸಿಕ್ಕರೂ ಶಿಬಿರ ಬಿಟ್ಟು ಬರಲು ಹಿಂಜರಿದವರಿದ್ದರು.

ಈ ಮನೆಗಳ ನಿಜವಾದ ಪರೀಕ್ಷೆ ನಡೆದದ್ದು ಮೊದಲ ಚಳಿಗಾಲದಲ್ಲಿ. ಈಶಾನ್ಯ ಜಪಾನ್ ಹಿಮ ಬೀಳುವ ಸೀಮೆ. ಮನೆಗಳಲ್ಲಿ ಬಹುಪಾಲು ಉಕ್ಕಿನ ಚೌಕಟ್ಟಿಗೆ ತೆಳು ಹಲಗೆ ಕೂರಿಸಿದಂಥವು. ಕಾಮಗಾರಿ ನಡೆಯುವ ಕಡೆ ಇಂಜಿನಿಯರುಗಳಿಗೆ ಹಾಕಿಕೊಡುವ ಸೈಟ್ ಆಫೀಸಿನ ಜಾತಿಯವು. ಒಳಗೆ ಸೀಮೆಎಣ್ಣೆ ಹೀಟರು ಹಚ್ಚಿ ಅನ್ನಕ್ಕಿಟ್ಟರೆ ಎದ್ದ ಹಬೆ ತಣ್ಣಗಿನ ಉಕ್ಕಿಗೆ ತಾಗಿ ನೀರಾಗುತ್ತಿತ್ತು. ಬೆಳಗಾಗುವಾಗ ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಗೋಡೆಯಿಂದ ಹೊರಚಾಚಿದ ಬೋಲ್ಟುಗಳ ತಲೆಯ ಮೇಲೆ ನೀರು ಹೆಪ್ಪುಗಟ್ಟುತ್ತಿತ್ತು. ಹಾಸಿಗೆ ಮಡಿಸಿಡುವ ಗೂಡಿನೊಳಗೆ ಬೂಸ್ಟು ಹಿಡಿಯುತ್ತಿತ್ತು, ರಾತ್ರಿ ತೆಗೆದು ಹಾಸಿದ ಹಾಸಿಗೆ ಒದ್ದೆ. ಸರ್ಕಾರ ಆಮೇಲೆ ಗೋಡೆಗೆ ಶಾಖ ತಡೆಯುವ ಪದರ ಸೇರಿಸಿತು, ಕಿಟಕಿಗೆ ಎರಡನೇ ಗಾಜು ಹಾಕಿಸಿತು, ಬಾಗಿಲ ಮುಂದೆ ಗಾಳಿ ತಡೆಯಲು ಚಿಕ್ಕ ಮರೆ ಕಟ್ಟಿಸಿತು. ಬಚ್ಚಲ ತೊಟ್ಟಿಯ ಆರಿದ ನೀರನ್ನು ಮತ್ತೆ ಕಾಯಿಸುವ ಅನುಕೂಲವೂ ಕಡೆಗೆ ಬಂತು. ಜಪಾನಿನ ಮನೆಗಳಲ್ಲಿ ಒಂದೇ ತೊಟ್ಟಿಯ ಬಿಸಿನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಮುಳುಗಿ ಏಳುತ್ತಾರೆ. ಕಡೆಯವರ ಸರದಿ ಬರುವಾಗ ನೀರು ಆರಿ ತಣ್ಣಗಾದರೆ ಎಂಬತ್ತರ ಅಜ್ಜಿಗೆ ಅದು ದಿನನಿತ್ಯದ ಸಂಕಟ. ಇವೆಲ್ಲ ಮೊದಲೇ ಮಾಡಬಹುದಾಗಿದ್ದ ಕೆಲಸಗಳು. ಎರಡೇ ವರ್ಷದ ಮನೆಗೆ ಇದೆಲ್ಲ ಯಾಕೆ ಎಂದು ಬಿಟ್ಟಿದ್ದರು. ಕಡೆಗೆ ಹೆಚ್ಚು ಖರ್ಚು ಮಾಡಿ ಒಂದೊಂದಾಗಿ ಸೇರಿಸಬೇಕಾಯಿತು.

ಗೋಡೆ ದಾಟಿ ಬರುವ ಸದ್ದಿಗೆ ಮಾತ್ರ ಪರಿಹಾರ ಸಿಗಲಿಲ್ಲ. ಪಕ್ಕದ ಮನೆಯ ಕೆಮ್ಮು, ಟಿವಿ, ಮಾತು ಎಲ್ಲವೂ ಕೇಳುತ್ತಿತ್ತು. ಮಗು ಅತ್ತರೆ ತಾಯಿ ಎತ್ತಿಕೊಂಡು ಹೊರಗೆ ಹೋಗಬೇಕು. ಗಂಡ-ಹೆಂಡತಿ ಪಿಸುಮಾತಿನಲ್ಲೇ ಜಗಳ ಮುಗಿಸಬೇಕು. ಒಂದೆರಡು ತಿಂಗಳಾದರೆ ಸಹಿಸಬಹುದು. ಐದು, ಏಳು ವರ್ಷ ಹೀಗಿರುವುದು ಬೇರೆ. ಇನ್ನು ಮಕ್ಕಳ ಪಾಲಿಗೆ ಬಂದದ್ದು ಬೇರೆಯೇ ನಷ್ಟ. ಸಪಾಟು ಜಾಗವಿಲ್ಲದ ಊರುಗಳಲ್ಲಿ ಶಾಲೆಯ ಮೈದಾನಗಳ ಮೇಲೆಯೇ ಈ ಮನೆಗಳು ಎದ್ದಿದ್ದವು. ಆ ವರ್ಷ ಒಂದನೇ ಇಯತ್ತೆಗೆ ಸೇರಿದ ಎಷ್ಟೋ ಮಕ್ಕಳು ತಮ್ಮ ಶಾಲೆಯ ಮೈದಾನದಲ್ಲಿ ಒಮ್ಮೆಯೂ ಓಡದೆ ಪ್ರಾಥಮಿಕ ಶಾಲೆ ಮುಗಿಸಿದರು. ಓಟದ ಅಭ್ಯಾಸಕ್ಕೆ ವರಾಂಡವೇ ಗತಿ. ಆ ಮನೆಗಳಲ್ಲೂ ಮಕ್ಕಳಿದ್ದರು, ಆದ್ದರಿಂದ ಯಾರೂ ಯಾರನ್ನೂ ದೂರುವಂತಿರಲಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ದುಡ್ಡಿದ್ದೂ ಯಾಕೆ ತಡವಾಯಿತು?

ಮೊದಲ ಕಾರಣ ನೆಲ. ಅಲ್ಲಿ ಬೆಟ್ಟಗಳು ಕಡಲಿನವರೆಗೂ ಚಾಚಿಕೊಂಡಿವೆ. ಊರು ಕಟ್ಟಲು ಸಪಾಟು ನೆಲ ಇದ್ದದ್ದು ಸುನಾಮಿ ನುಗ್ಗಿದ ಜಾಗದಲ್ಲೇ. ಮತ್ತೆ ಅಲ್ಲೇ ಮನೆ ಕಟ್ಟಲು ಬಿಡುವಂತಿಲ್ಲ. ಉಳಿದ ದಾರಿ ಎರಡು: ಬೆಟ್ಟ ಕಡಿದು ಮೇಲೆ ಹೋಗುವುದು, ಇಲ್ಲವೇ ಊರ ನೆಲವನ್ನೇ ಎತ್ತರಿಸುವುದು. ರಿಕುಝೆಂತಕಾತದಲ್ಲಿ ಎರಡನ್ನೂ ಮಾಡಿದರು. ನದಿಯಾಚೆಯ ಬೆಟ್ಟವೊಂದನ್ನು ಕಡಿದು, ಆ ಮಣ್ಣನ್ನು ಸುಮಾರು ಮೂರು ಕಿಲೋಮೀಟರ್ ಉದ್ದದ ಕನ್ವೇಯರ್ ಬೆಲ್ಟಿನ ಮೇಲೆ ನದಿ ದಾಟಿಸಿ ತಂದು, ಹಳೆಯ ಪೇಟೆಯ ನೆಲವನ್ನು ಹತ್ತು ಮೀಟರಿನಷ್ಟು ಎತ್ತರಿಸಿದರು. ಲಾರಿಯಲ್ಲಿ ಹೊತ್ತಿದ್ದರೆ ಇನ್ನೂ ಹಲವು ವರ್ಷ ಹಿಡಿಯುತ್ತಿದ್ದ ಕೆಲಸವದು. ಆದರೂ ಆ ಬೆಲ್ಟು ನಿಂತದ್ದು 2015ರ ಸೆಪ್ಟೆಂಬರಿನಲ್ಲಿ. ಹಾಕಿದ ಮಣ್ಣು ಕೂರಬೇಕು, ರಸ್ತೆ-ಚರಂಡಿ ಆಗಬೇಕು, ನಿವೇಶನ ಹಂಚಬೇಕು, ಆಮೇಲೆ ಮನೆ. ಅಷ್ಟು ದಿನ ಕಾಯಲಾಗದವರು ಬೇರೆ ಊರು ಸೇರಿದರು. ಎತ್ತರಿಸಿದ ನೆಲದಲ್ಲಿ ಹಲವು ನಿವೇಶನಗಳು ಖಾಲಿ ಉಳಿದವು.

ಎರಡನೆಯದು ಕಾಗದ. ನಮ್ಮಲ್ಲಿ ಅಜ್ಜ ತೀರಿಕೊಂಡು ಮೂವತ್ತು ವರ್ಷವಾದರೂ ಪೌತಿ ಖಾತೆ ಆಗದೆ ಪಹಣಿಯಲ್ಲಿ ಅವನ ಹೆಸರೇ ಇರುತ್ತದಲ್ಲ, ಅದೇ ಕಥೆ ಅಲ್ಲಿಯೂ. ಊರು ಎತ್ತರಿಸಲು, ಬೆಟ್ಟ ಕೊಳ್ಳಲು ಹೋದ ಅಧಿಕಾರಿಗಳಿಗೆ ಸಿಕ್ಕ ದಾಖಲೆಗಳಲ್ಲಿ ಮುತ್ತಾತನ ಹೆಸರು. ಆತನ ವಾರಸುದಾರರು ಹತ್ತಾರು ಮಂದಿ ದೇಶದ ತುಂಬ ಹರಡಿಹೋಗಿದ್ದಾರೆ. ಪ್ರತಿಯೊಬ್ಬರನ್ನೂ ಹುಡುಕಿ ರುಜು ಹಾಕಿಸಬೇಕು. ಸುನಾಮಿಯಲ್ಲಿ ಎಷ್ಟೋ ಪುರಸಭೆಗಳು ತಮ್ಮ ಸಿಬ್ಬಂದಿಯನ್ನೂ ಕಳೆದುಕೊಂಡಿದ್ದವು. ಕಡತ ನೋಡಲು ಜನವೇ ಇಲ್ಲ. ಶಿಸ್ತಿನ ದೇಶ ಎನ್ನುತ್ತೇವೆ. ಆದರೆ ಹೊಲ-ಮನೆಯ ಕಾಗದ ಸರಿಯಿಲ್ಲದಿದ್ದರೆ ಶಿಸ್ತಿನ ದೇಶವೂ ಅಲ್ಲೇ ನಿಲ್ಲುತ್ತದೆ.

ಮೂರನೆಯದಾಗಿ, ಕೂಲಿಯವರಿಗೂ ಸಿಮೆಂಟಿಗೂ ಬರ ಬಂತು. ಮೂರು ಪ್ರಾಂತಗಳಲ್ಲಿ ಒಟ್ಟಿಗೇ ಕಾಮಗಾರಿ. ಅದರ ಮೇಲೆ 2013ರಲ್ಲಿ ಟೋಕಿಯೊಗೆ ಒಲಿಂಪಿಕ್ಸ್ ದಕ್ಕಿ ದರ ಇನ್ನಷ್ಟು ಏರಿತು. ಟೆಂಡರ್ ಕರೆದರೆ ಹಾಕುವವರಿಲ್ಲ. ಫುಕುಶಿಮಾದ್ದು ಬೇರೆಯೇ ಸಂಕಟ. ಸುನಾಮಿಗೆ ಸಿಕ್ಕಿ ವಿಕಿರಣ ಸೋರಿದ ಅಲ್ಲಿನ ಅಣುಸ್ಥಾವರದ ಸುತ್ತಲಿನವರಿಗೆ ಮನೆ ಇತ್ತು, ಗೋಡೆ ನೆಟ್ಟಗಿತ್ತು, ಆದರೆ ಹೋಗುವಂತಿರಲಿಲ್ಲ. ಯಾವಾಗ ಹೋಗಬಹುದೆಂದು ಹೇಳುವವರೂ ಇರಲಿಲ್ಲ.

ದುಡ್ಡಿನ ವಿಷಯಕ್ಕೇ ಬಂದರೆ, ನನಗೆ ತುಂಬ ಅನ್ಯಾಯವೆಂದು ಕಾಣುವ ಲೆಕ್ಕವೊಂದಿದೆ. ಒಂದೊಂದು ತಾತ್ಕಾಲಿಕ ಮನೆಗೆ, ಜಾಗ ಸಪಾಟು ಮಾಡಿದ ಖರ್ಚೂ ಸೇರಿ, ಸರ್ಕಾರಕ್ಕೆ 60ರಿಂದ 70 ಲಕ್ಷ ಯೆನ್ ತಗಲಿತು. ಆಗಿನ ವಿನಿಮಯ ದರದಲ್ಲಿ ಅದು ಮೂವತ್ತು ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತ. ಕೆಲವು ವರ್ಷದ ಮೇಲೆ ಕಿತ್ತು ಹಾಕುವ ಮನೆಗೆ ಇಷ್ಟು. ಅದೇ ಕುಟುಂಬ ತನ್ನ ಸ್ವಂತ ಮನೆ ಕಟ್ಟಿಕೊಳ್ಳುತ್ತೇನೆಂದರೆ ಕೇಂದ್ರದ ಕಾನೂನಿನಲ್ಲಿ ಸಿಗುವುದು ಹೆಚ್ಚೆಂದರೆ 30 ಲಕ್ಷ ಯೆನ್. ಆ 30 ಲಕ್ಷವೂ ಸುಮ್ಮನೆ ಬಂದದ್ದಲ್ಲ. 1995ರ ಕೋಬೆ ಭೂಕಂಪದ ನಂತರ ಕಾದಂಬರಿಕಾರ ಒದಾ ಮಕೊತೊ ಮುಂತಾದವರು ಜನರನ್ನು ಕಟ್ಟಿಕೊಂಡು ಹೋರಾಡಿದ ಫಲವಾಗಿ 1998ರಲ್ಲಿ ಕಾನೂನು ಬಂತು; ಅದರ ಮೊತ್ತ ಆಮೇಲೆ ಏರಿತು. ಆ ಕಾನೂನು ಬಂದ ಮೇಲೂ ಕೆಲವು ವರ್ಷ, ಮನೆ ಕಟ್ಟುವ ವಿಷಯದಲ್ಲಿ ಸರ್ಕಾರದ ಮಾತು ಒಂದೇ ಇತ್ತು: ಸಾರ್ವಜನಿಕ ಹಣವನ್ನು ಖಾಸಗಿ ಆಸ್ತಿಗೆ ಕೊಡುವಂತಿಲ್ಲ.

ಈ ಮಾತನ್ನು ಮೀರಿದ ಒಬ್ಬ ಆಡಳಿತಗಾರರನ್ನು ಇಲ್ಲಿ ನೆನೆಯಬೇಕು. 2000ದ ಅಕ್ಟೋಬರಿನಲ್ಲಿ ಪಶ್ಚಿಮ ಜಪಾನಿನ ತೊತ್ತೊರಿ ಪ್ರಾಂತದಲ್ಲಿ 7.3 ತೀವ್ರತೆಯ ಭೂಕಂಪವಾಯಿತು. ಜೀವಹಾನಿಯಾಗಲಿಲ್ಲ, ಮನೆಗಳು ಬಿದ್ದವು. ಅಲ್ಲಿನ ಗವರ್ನರ್ ಕತಯಾಮಾ ಯೋಶಿಹಿರೊ ಹಳ್ಳಿಗಳಿಗೆ ಹೋಗಿ ನೋಡಿದರೆ ಎಲ್ಲ ಕಡೆ ಮುದುಕರು. ಇವರು ಊರು ಬಿಟ್ಟರೆ ಊರೇ ಮುಗಿಯಿತೆಂಬುದು ಅವರಿಗೆ ಹೊಳೆಯಿತು. ಕೇಂದ್ರ ಸರ್ಕಾರ ಬೇಡವೆಂದರೂ ಕೇಳದೆ, ಕೆಲವೇ ದಿನಗಳಲ್ಲಿ, ಇದ್ದ ಜಾಗದಲ್ಲೇ ಮನೆ ಕಟ್ಟಿಕೊಳ್ಳುವವರಿಗೆ, ಆದಾಯ ಎಷ್ಟೆಂದು ಕೇಳದೆ, 30 ಲಕ್ಷ ಯೆನ್‌ವರೆಗೆ ಕೊಡುವುದಾಗಿ ಘೋಷಿಸಿದರು. ಜನ ಊರಲ್ಲೇ ಉಳಿದರು. ಸುನಾಮಿ ಹೊಡೆದ ನೆಲದಲ್ಲಿ ಇದು ಆಗುವ ಮಾತಲ್ಲ, ಒಪ್ಪುತ್ತೇನೆ. ಆದರೆ ಮನೆ ಕಟ್ಟಲು ಭದ್ರವಾದ ಜಾಗ ಇರುವ ಕಡೆಯೂ ಮೊದಲು ಶೆಡ್ಡು, ಆಮೇಲೆ ಮನೆ ಎನ್ನುವ ಕ್ರಮ ಹಿಡಿಯುವುದು ನನ್ನ ಲೆಕ್ಕದಲ್ಲಿ ದುಡ್ಡನ್ನೂ ವರ್ಷಗಳನ್ನೂ ನೀರಿಗೆ ಹಾಕಿದಂತೆ.

ಅಷ್ಟು ವರ್ಷ ಹೇಗೆ ಬದುಕಿದರು ಎಂದು ಕೇಳಿದ್ದೀರಿ. ಅದಕ್ಕೆ ಉತ್ತರ ತಿಳಿಯಲು 2011ಕ್ಕಿಂತ ಹಿಂದೆ, ಕೋಬೆಗೆ ಹೋಗಬೇಕು. 1995ರ ಜನವರಿ 17ರ ನಸುಕಿನಲ್ಲಿ ಭೂಕಂಪಕ್ಕೆ ಕೋಬೆ ನಗರವೂ ಸುತ್ತಲಿನ ಊರುಗಳೂ ಕುಸಿದು 6,434 ಜನ ಸತ್ತರು. ಸುಮಾರು 48,300 ತಾತ್ಕಾಲಿಕ ಮನೆ ಕಟ್ಟಿದರು. ನಗರದೊಳಗೆ ಜಾಗವಿಲ್ಲದೆ ಹೊರವಲಯದ ಬಡಾವಣೆಗಳಲ್ಲಿ, ಸಮುದ್ರ ತುಂಬಿಸಿ ಮಾಡಿದ ದ್ವೀಪಗಳ ಮೇಲೆ ಕಟ್ಟಿದರು. ಹಂಚುವಾಗ ಅಧಿಕಾರಿಗಳು ನ್ಯಾಯವಾಗಿಯೇ ನಡೆದುಕೊಳ್ಳಬೇಕೆಂದು ಚೀಟಿ ಎತ್ತಿದರು. ಅದರಲ್ಲೂ ವೃದ್ಧರಿಗೆ, ಅಂಗವಿಕಲರಿಗೆ ಮೊದಲು ಕೊಟ್ಟರು. ಇದಕ್ಕಿಂತ ಒಳ್ಳೆಯ ಮನಸ್ಸಿನ ನಿಯಮ ಇರಲಾರದು ಎನಿಸುತ್ತದೆ ಅಲ್ಲವೇ? ಪರಿಣಾಮ ಮಾತ್ರ ಘೋರವಾಯಿತು. ಸಾಲು ಸಾಲು ಮನೆಗಳಲ್ಲಿ ಬರೀ ವೃದ್ಧರು, ರೋಗಿಗಳು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಔಷಧ ತಂದುಕೊಡುವ ಪಕ್ಕದ ಮನೆಯ ಹುಡುಗ ಎಲ್ಲೋ, ಹಾಲು-ತರಕಾರಿಯ ಅಂಗಡಿ ಎಲ್ಲೋ, ನಲವತ್ತು ವರ್ಷ ಹೋಗುತ್ತಿದ್ದ ಡಾಕ್ಟರು ಎಲ್ಲೋ.

ಜನ ತಮ್ಮ ತಾತ್ಕಾಲಿಕ ಮನೆಯಲ್ಲಿ ಒಬ್ಬರೇ ಸತ್ತು, ದಿನಗಟ್ಟಲೆ ಯಾರಿಗೂ ಗೊತ್ತಾಗದೆ ಉಳಿಯುವುದು ಶುರುವಾಯಿತು. 2000ದ ಜನವರಿಯಲ್ಲಿ ಕಡೆಯ ನಿವಾಸಿ ಹೊರಡುವ ಹೊತ್ತಿಗೆ ಇಂಥ ಒಂಟಿ ಸಾವುಗಳ ಲೆಕ್ಕ 233 ಆಗಿತ್ತು. ಆ ಮನೆಗಳ ನಡುವೆಯೇ ಚಿಕಿತ್ಸಾಲಯ ತೆರೆದಿದ್ದ ನುಕಾದಾ ಇಸಾವೊ ಎಂಬ ವೈದ್ಯರು ಈ ಸಾವುಗಳನ್ನು ಹತ್ತಿರದಿಂದ ಕಂಡು ಪುಸ್ತಕವನ್ನೇ ಬರೆದರು. ಸತ್ತವರಲ್ಲಿ ತೀರಾ ಮುದುಕರಷ್ಟೇ ಇರಲಿಲ್ಲ. ಐವತ್ತು-ಅರವತ್ತರ ಗಂಡಸರು ಬಹಳ ಮಂದಿ. ಕೆಲಸ ಹೋದವರು, ಹಳೆಯ ಕಾಯಿಲೆಯವರು, ಕುಡಿತಕ್ಕೆ ಬಿದ್ದವರು, ಬಾಗಿಲು ಹಾಕಿಕೊಂಡು ಕೂತವರು. ಹೆಂಗಸರು ಹೇಗೋ ಬಚ್ಚಲು ಕಟ್ಟಿದೆಯೆಂದು, ಉಪ್ಪು ಮುಗಿದಿದೆಯೆಂದು ಪಕ್ಕದ ಬಾಗಿಲು ತಟ್ಟುತ್ತಾರೆ, ಗಂಡಸು ತಟ್ಟುವುದಿಲ್ಲ. 2011ರ ನಂತರವೂ ಚಹಾ ಕೂಟಗಳಿಗೆ ಕರೆದರೆ ಬಂದವರಲ್ಲಿ ಹೆಂಗಸರೇ ಹೆಚ್ಚು.

ಕೋಬೆಯ ಪಾಠ ಎಲ್ಲರಿಗೂ ಗೊತ್ತಿತ್ತು. ಆದರೂ 2011ರಲ್ಲಿ ಅವಸರದಲ್ಲಿ ಬಹಳ ಊರುಗಳು ಮತ್ತೆ ಚೀಟಿ ಎತ್ತಿದವು. ಚೀಟಿಯನ್ನಷ್ಟೇ ನೆಚ್ಚದೆ ಇದ್ದ ಊರುಗಳಲ್ಲಿ ಒಂದು ಇವಾನುಮಾ. ಮಿಯಾಗಿ ಪ್ರಾಂತದ ಈ ಚಿಕ್ಕ ನಗರದ ಕಡಲಂಚಿನಲ್ಲಿ ಆರು ಹಳ್ಳಿಗಳಿದ್ದವು. ನಗರಾಡಳಿತ ಹಳ್ಳಿಗೆ ಹಳ್ಳಿಯನ್ನೇ ಒಟ್ಟಾಗಿ ತಾತ್ಕಾಲಿಕ ಮನೆಗಳಿಗೆ ಕಳಿಸಿತು. ಅಲ್ಲಿ ಅಕ್ಕಪಕ್ಕ ಹಳೆಯ ಅಕ್ಕಪಕ್ಕದವರೇ. ಕೂತು ಮಾತಾಡಿ, ಮುಂದೆ ಎಲ್ಲಿಗೆ ಹೋಗೋಣ ಎಂಬುದನ್ನೂ ಆರು ಹಳ್ಳಿಯವರು ಒಟ್ಟಾಗಿಯೇ ತೀರ್ಮಾನಿಸಿದರು. ತಮಾಉರಾ-ನಿಶಿ ಎಂಬ ಹೊಸ ಬಡಾವಣೆ ಇತರ ಹಲವು ಊರುಗಳಿಗಿಂತ ಮೊದಲೇ ಸಿದ್ಧವಾಯಿತು. ಕಾಕತಾಳೀಯವಾಗಿ, ಸುನಾಮಿಗೆ ಏಳು ತಿಂಗಳು ಮುಂಚೆ ಸಂಶೋಧಕರು ಅದೇ ಊರಿನ 65 ದಾಟಿದವರ ಆರೋಗ್ಯ, ಒಡನಾಟಗಳ ಸಮೀಕ್ಷೆ ಮಾಡಿದ್ದರು. 2013ರಲ್ಲಿ ಅದೇ ಜನರನ್ನು ಮತ್ತೆ ಕೇಳಿದಾಗ ಹೊರಬಿದ್ದ ಸಂಗತಿ ಇದು: ಚೀಟಿಯಲ್ಲಿ ಅಥವಾ ತಾವಾಗಿ ಒಂಟಿಯಾಗಿ ಬೇರೆ ಕಡೆ ಹೋದವರ ಒಡನಾಟ ಕುಗ್ಗಿತ್ತು, ಗುಂಪಾಗಿ ಹೋದವರದು ಸುನಾಮಿಗೆ ಮುಂಚಿಗಿಂತಲೂ ಹೆಚ್ಚಾಗಿತ್ತು. ಮನೆ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆಯದು, ಅದೇ ಬೂಸ್ಟು, ಅದೇ ತೆಳು ಗೋಡೆ. ಪಕ್ಕದವರು ಯಾರು ಎಂಬುದಷ್ಟೇ ಬೇರೆ. ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಮುಖ್ಯ ಉತ್ತರ ಇದೇ.

ಮನೆಗಳನ್ನು ಹೇಗೆ ನಿಲ್ಲಿಸುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಎಲ್ಲ ಸಾಲುಗಳೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತಿದ್ದವು. ಹೊರಗೆ ಬಂದರೆ ಕಾಣುವುದು ಮುಂದಿನ ಸಾಲಿನ ಬೆನ್ನು. ಕಾಮಾಯಿಶಿ ಊರಿನ ಹೇತಾ ಪಾರ್ಕಿನಲ್ಲಿ 240 ಮನೆ ಕಟ್ಟುವಾಗ, ವೃದ್ಧರ ಬದುಕನ್ನು ಅಧ್ಯಯನ ಮಾಡುವ ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರ ಸಲಹೆಯಂತೆ ಒಂದು ಭಾಗದ ಸಾಲುಗಳನ್ನು ಎದುರುಬದುರಾಗಿ ತಿರುಗಿಸಿದರು. ನಡುವಿನ ಓಣಿಗೆ ಮರದ ಹಲಗೆ ಹಾಸಿ ಮೇಲೆ ಸೂರು ಮಾಡಿದರು. ಚಪ್ಪಲಿ ಮೆಟ್ಟದೆ ಎದುರು ಮನೆಗೆ ಹೋಗಬಹುದಿತ್ತು, ಗಾಲಿಕುರ್ಚಿ ಮೆಟ್ಟಿಲಿಲ್ಲದೆ ಉರುಳುತ್ತಿತ್ತು, ಮಳೆ-ಹಿಮ ಬಿದ್ದರೂ ಹೊರಗೆ ಕೂರಬಹುದಿತ್ತು. ಅಂಗಡಿ, ದವಾಖಾನೆ, ಮುದುಕರು ಹಗಲು ಕಳೆಯುವ ಕೇಂದ್ರ ಎಲ್ಲ ಆವರಣದಲ್ಲೇ. ಎದುರು ಮನೆಯ ಅಜ್ಜಿ ಬೆಳಿಗ್ಗೆ ಬಾಗಿಲು ತೆಗೆಯದಿದ್ದರೆ ಒಂಬತ್ತು ಗಂಟೆಯೊಳಗೆ ಯಾರಾದರೂ ಹೋಗಿ ಕರೆಯುತ್ತಿದ್ದರು. ಬಾಗಿಲನ್ನು ತಿರುಗಿಸಿದ್ದಕ್ಕೆ ತಗಲಿದ ಖರ್ಚೆಷ್ಟು? ಹಾಸಿದ ಹಲಗೆ, ಹೊದಿಸಿದ ಸೂರು, ಅಷ್ಟೇ.

ವಾಸ್ತುಶಿಲ್ಪಿಗಳೂ ಕೈ ಹಾಕಿದರು. ಕೋಬೆಯಲ್ಲಿ ಬಿಯರ್ ಕ್ರೇಟುಗಳ ಅಡಿಪಾಯದ ಮೇಲೆ ಕಾಗದದ ಕೊಳವೆಗಳಿಂದ ಮನೆ ಕಟ್ಟಿದ್ದ ಶಿಗೇರು ಬಾನ್, ಒನಗಾವಾ ಎಂಬ ಕಡಲೂರಿನ ಬೇಸ್‌ಬಾಲ್ ಮೈದಾನದಲ್ಲಿ ಹಡಗಿನ ಕಂಟೇನರುಗಳನ್ನು ಮೂರು ಅಂತಸ್ತಿನವರೆಗೆ ಪೇರಿಸಿ 189 ಮನೆ ಮಾಡಿದರು. ಸಪಾಟು ಜಾಗವೇ ಇಲ್ಲದ ಊರಿಗೆ ಮೇಲಕ್ಕೆ ಹೋಗುವುದೇ ದಾರಿ ಎಂದು ಅವರಿಗೆ ತೋಚಿತ್ತು. ಒಳಗೆ ಗೋಡೆಗಂಟಿಕೊಂಡ ಕಪಾಟುಗಳನ್ನು ಸ್ವಯಂಸೇವಕರು ಮಾಡಿಕೊಟ್ಟರು. ಇಲ್ಲೇ ಶಾಶ್ವತವಾಗಿ ಇರುತ್ತೇವೆಂದು ಹಲವರು ಕೇಳಿದ್ದನ್ನು ಬಾನ್ ಸಂತೋಷದಿಂದ ಹೇಳಿಕೊಂಡಿದ್ದಾರೆ. ಇನ್ನೊಬ್ಬ ಹಿರಿಯ ವಾಸ್ತುಶಿಲ್ಪಿ ತೋಯೊ ಇತೊ ಮನೆಗಳ ನಡುವೆ ಎಲ್ಲರಿಗೂ ಸೇರಿದ ಒಂದು ಮನೆ ಕಟ್ಟಿಸಿದರು. ಮೊದಲನೆಯದು ಸೆಂದಾಯಿಯಲ್ಲಿ, 2011ರಲ್ಲೇ ಎದ್ದಿತು. ಮರದ ಚಿಕ್ಕ ಕಟ್ಟಡ, ದೊಡ್ಡ ಮೇಜು, ಮೈ ಕಾಯಿಸಿಕೊಳ್ಳಲು ಒಲೆ, ಹೊರಗೆ ಕೂರಲು ಜಗಲಿ. ಇವಾತೆಯ ಸುಮಿತಾ ಎಂಬ ಬೆಟ್ಟದೂರು ಮೇಲಿನ ಅಪ್ಪಣೆಗೆ ಕಾಯದೆ ತನ್ನ ಕಾಡಿನ ಮರದಿಂದಲೇ ಬಿಡಿ ಬಿಡಿ ಮನೆಗಳನ್ನು ಕಟ್ಟಿ ಕಡಲೂರಿನವರನ್ನು ಕರೆದುಕೊಂಡಿತು. ಸುನಾಮಿ ಅವರ ಊರಿಗೆ ಬಂದೇ ಇರಲಿಲ್ಲ.

ನಾಲ್ಕು-ಐದು ವರ್ಷ ಕಳೆದ ಮೇಲಿನ ದಿನಗಳು ಅತಿ ಕಷ್ಟದವು. ಕೈಯಲ್ಲಿ ದುಡ್ಡಿದ್ದವರು, ಸಾಲ ಹುಟ್ಟುವ ವಯಸ್ಸಿನವರು ಮೊದಲು ಮನೆ ಕಟ್ಟಿಕೊಂಡು ಹೊರಟರು. ಉಳಿದವರು ವೃದ್ಧರು, ಒಂಟಿಗಳು, ಬಡವರು. ಸಾಲಿನಲ್ಲಿ ಹತ್ತು ಮನೆಗೆ ಮೂರು ಮನೆಯಲ್ಲಿ ದೀಪ. ಹೋಗುವವರು ಸದ್ದಿಲ್ಲದೆ ಹೋಗುತ್ತಿದ್ದರು, ಉಳಿದವರ ಮುಖ ನೋಡಲಾಗದೆ. ಶಾಲೆಗೆ ಮೈದಾನ ಬಿಟ್ಟುಕೊಡಬೇಕೆಂದು ಉಳಿದವರನ್ನು ಒಂದು ತಾತ್ಕಾಲಿಕ ವಸತಿಯಿಂದ ಇನ್ನೊಂದಕ್ಕೆ ಸಾಗಿಸಿದರು. ಅಲ್ಲಿ ಮತ್ತೆ ಹೊಸ ಅಕ್ಕಪಕ್ಕ. ಕಡೆಗೆ ಸರ್ಕಾರಿ ಬಹುಮಹಡಿ ಮನೆ ಸಿಕ್ಕಿತು. ಗಟ್ಟಿ ಗೋಡೆ, ಉಕ್ಕಿನ ಬಾಗಿಲು, ಪಕ್ಕದವರ ಕೆಮ್ಮು ಕೇಳಿಸದು. ಆಗ ಗೊತ್ತಾಯಿತು, ಆ ಕೆಮ್ಮು ಕೇಳುತ್ತಿದ್ದದ್ದೇ ಎಷ್ಟೋ ಜೀವ ಉಳಿಸಿತ್ತೆಂದು. ಕೋಬೆಯಲ್ಲಿ ಇಂಥ ಶಾಶ್ವತ ಸರ್ಕಾರಿ ವಸತಿಗಳಲ್ಲಿ ವರ್ಷಗಳುದ್ದಕ್ಕೂ ಆದ ಒಂಟಿ ಸಾವುಗಳು ಸಾವಿರ ದಾಟಿವೆ. 2011ರ ದುರಂತದ ಲೆಕ್ಕದಲ್ಲಿ ಅಲೆ ಕೊಂದವರಲ್ಲದೆ, ಆಮೇಲಿನ ಅಲೆದಾಟ, ಕಾಯಿಲೆ, ಹತಾಶೆಯಿಂದ ಸತ್ತವರೆಂದು ಸರ್ಕಾರವೇ ಒಪ್ಪಿಕೊಂಡವರು 3,700ಕ್ಕೂ ಹೆಚ್ಚು. ಫುಕುಶಿಮಾದಲ್ಲಂತೂ ಹೀಗೆ ಸತ್ತವರ ಸಂಖ್ಯೆ ಅಲೆಗೆ ಸಿಕ್ಕಿ ಸತ್ತವರಿಗಿಂತ ಹೆಚ್ಚು.

ಈ ಕಥೆ ಮುಗಿದೂ ಇಲ್ಲ. 2024ರ ಜನವರಿ 1ರಂದು ನೋತೊ ಪರ್ಯಾಯದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ಅಲ್ಲಿಯೂ ಬೆಟ್ಟ, ಸಪಾಟು ನೆಲ ಸಿಕ್ಕಿದ್ದು ಹೊಳೆ ಬದಿಯಲ್ಲಿ. ನೆರೆ ಬರಬಹುದಾದ ಜಾಗವೆಂದು ನಕ್ಷೆಯಲ್ಲೇ ಗುರುತಾಗಿದ್ದ ಕಡೆಯೂ ಮನೆ ಕಟ್ಟಿದರು. ಸೆಪ್ಟೆಂಬರ್ 21ರ ಭಾರಿ ಮಳೆಗೆ ವಾಜಿಮಾ, ಸುಝು ಊರುಗಳಲ್ಲಿ ಆ ಹೊಸ ತಾತ್ಕಾಲಿಕ ಮನೆಗಳೊಳಗೇ ನೀರು ನುಗ್ಗಿತು. ಒಂದೇ ವರ್ಷದಲ್ಲಿ ಎರಡು ಸಲ ಮನೆ ಕಳೆದುಕೊಂಡವರು ಅಲ್ಲಿದ್ದಾರೆ. ಒಂದು ಒಳ್ಳೆಯ ಬದಲಾವಣೆಯೂ ಕಾಣುತ್ತಿದೆ: ನೋತೊದಲ್ಲಿ ಕಟ್ಟಿದ ಮರದ ಮನೆಗಳಲ್ಲಿ ಒಂದು ಭಾಗವನ್ನು ಮುಂದೆ ಕೆಡವದೆ ಕಾಯಂ ವಸತಿಯಾಗಿ ಉಳಿಸಿಕೊಳ್ಳುವಂತೆಯೇ ಕಟ್ಟಿದ್ದಾರೆ.

ಈ ವಿಚಾರ ಹೊಸದೇನಲ್ಲ. 1906ರ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೊ ನಗರದ ಉದ್ಯಾನಗಳಲ್ಲಿ 5,610 ಪುಟ್ಟ ಮರದ ಮನೆ ಕಟ್ಟಿದ್ದರು. ತಿಂಗಳಿಗೆ ಎರಡು ಡಾಲರ್ ಬಾಡಿಗೆ. ಜಾಗ ನೋಡಿಕೊಂಡವರು ಆ ಮನೆಯನ್ನೇ ಕುದುರೆಗಾಡಿಯ ಮೇಲೆ ಎಳೆಸಿಕೊಂಡು ಹೋಗಿ ತಮ್ಮ ನಿವೇಶನದಲ್ಲಿ ಕೂರಿಸಿಕೊಂಡರು. 1908ರಲ್ಲಿ ಶಿಬಿರಗಳೆಲ್ಲ ಮುಚ್ಚಿದವು. ಅದೇ 1908ರ ಡಿಸೆಂಬರಿನಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಭೂಕಂಪವಾಯಿತು. ಅಲ್ಲಿ ಎದ್ದ ಜೋಪಡಿ ಕೇರಿಗಳನ್ನು ತೆರವು ಮಾಡಿ ಜನರಿಗೆ ಮನೆ ಕೊಡಲು ಸರ್ಕಾರ ವಿಶೇಷ ಕಾನೂನು ತಂದದ್ದು 2021ರಲ್ಲಿ.

ನಿಮ್ಮ ಊರಿಗೆ ಬರೋಣ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಮನೆಗಳು ಎದ್ದವು. ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಹಲವೆಡೆ ಖಾಲಿ ಬಿದ್ದವು. 2019ರಲ್ಲಿ ಘಟಪ್ರಭೆ ಗೋಕಾಕಿಗೆ ನುಗ್ಗಿದಾಗ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ ಹೇಳಿತು. ಮನೆ ಕಟ್ಟಿಕೊಳ್ಳಲು ನೇರವಾಗಿ ದುಡ್ಡು ಕೊಡುವ ಈ ಕ್ರಮ ಸರಿಯಾದದ್ದೇ. ಆದರೆ ಅದು ಕೈಗೆ ಬರಬೇಕಾದರೆ ಮನೆಯ ಕಾಗದ ನಿಮ್ಮ ಹೆಸರಿನಲ್ಲಿರಬೇಕು. ಆದ್ದರಿಂದ ನಿಮಗೂ ನಿಮ್ಮಂಥ ಹೊಳೆ ದಂಡೆಯ ಓದುಗರಿಗೂ ಎರಡು ಮಾತು ಹೇಳುತ್ತೇನೆ. ಹೊಳೆ ಇಳಿದಿರುವಾಗಲೇ ಪೌತಿ ಖಾತೆ ಮಾಡಿಸಿ, ಮನೆಯ ಉತಾರ ಸರಿಪಡಿಸಿಕೊಳ್ಳಿ. ಇನ್ನು ಶೆಡ್ಡಿಗೆ ಹೋಗಲೇಬೇಕಾದ ಹೊತ್ತು ಬಂದರೆ, ಹೆಸರು ಬರೆದುಕೊಳ್ಳಲು ಬಂದ ತಲಾಠಿಯ ಮುಂದೆ ಓಣಿಯವರೆಲ್ಲ ಒಟ್ಟಿಗೆ ನಿಂತು, ನಮ್ಮ ಓಣಿಯನ್ನು ಒಂದೇ ಸಾಲಿಗೆ ಹಾಕಿ, ಬಾಗಿಲು ಎದುರುಬದುರು ಇಡಿ ಎಂದು ಕೇಳಿ. ಚೀಟಿ ಎತ್ತಲು ಬಿಡಬೇಡಿ.